ಪ್ರತಿಕ್ರಿಯೆ: ಸಿಟೀಸ್ ಸ್ಕೈಲೈನ್ಸ್‌ನಲ್ಲಿ ಕೋಲಾರದ ಕಡೆಯ ಕೆರೆ ಊರು

ಸಿಟೀಸ್ ಸ್ಕೈಲೈನ್ಸ್ ಅನ್ನೋ ಊರು ಕಟ್ಟೋ ಕಂಪ್ಯೂಟರ್ ಆಟದಲ್ಲಿ ಕೋಲಾರದ ಕಡೆಯ ಥರದ ಊರು ಕಟ್ಟೋಕೆ ಗುಂಡಿ ತೋಡಿ ಕೆರೆ ಮಾಡಿದೆ, ಕೆರೆ ತುಂಬಿದ ಕೂಡಲೇ ಮನೆ ಮುಳುಗುತ್ತೆ, ಊರು ಚೌಕಾಬಾರದ ಮನೆ ಥರ ಚೌಕ ಚೌಕವಾಗಿ ಕಾಣುತ್ತೆ ಅಂದಿದ್ದೀರಿ.

ಗುಂಡಿ ತೋಡಿದ್ದೇ ತಪ್ಪು. ನಮ್ಮ ಕಡೆ ಕೆರೆ ಅಂದ್ರೆ ಗುಂಡಿಯಲ್ಲ, ಇಳಿಜಾರಿಗೆ ಅಡ್ಡ ಹಾಕಿದ ಏರಿ. ಆಟದ ನೆಲ ರೂಪಿಸೋ ಮ್ಯಾಪ್ ಎಡಿಟರ್‌ನಲ್ಲಿ ತಗ್ಗಿನ ಕಡೆ ಬಿಲ್ಲಿನ ಹಾಗೆ ಬಾಗಿದ ಏರಿ ಎಬ್ಬಿಸಿ, 10 ಮೀಟರ್ ಧಾರಾಳ. ಕೆರೆ ತುಂಬಿಸೋಕೆ ಅಲ್ಲೇ ಇಡೋ ನೀರಿನ ಮೂಲದ ಮಟ್ಟ ಏರಿ ತಲೆಗಿಂತ 3 ಮೀಟರ್ ಕೆಳಗಿರಲಿ. ಏರಿಯ ಒಂದು ತುದಿಯಲ್ಲಿ, ನೀರಿನ ಮಟ್ಟಕ್ಕಿಂತ 1 ಮೀಟರ್ ಮೇಲೆ, ಕೋಡಿ ಕೊರೆದು ಹಳ್ಳವನ್ನ ಕೆಳಗಿನ ಕೆರೆಗೆ ಬಿಡಿ. ಇದಿಲ್ಲದಿದ್ರೆ ತುಂಬುವಾಗ ಏಳೋ ಅಲೆ ಏರಿ ಹಾರಿ ಬರುತ್ತೆ. ಏರಿ ಕೆಳಗೆ ಗದ್ದೆ ಮಾತ್ರ. ಊರು ಪಕ್ಕದ ದಿಬ್ಬದ ಮೇಲೆ.

ರಸ್ತೆ ಎಳೆಯುವಾಗ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಆನ್ ಮಾಡಿ, ಅದರ ಜೊತೆಗೇ ಬಳಸಿಕೊಂಡು ಹೋಗಿ. ಅಡ್ಡ ಹತ್ತಿಸಿದ್ರೆ ಆಟ ಪ್ರತಿ ಮನೆಯಡಿ ನೆಲ ಸಮ ಮಾಡಿ ಮೆಟ್ಟಿಲು ಮೆಟ್ಟಿಲಾಗಿಸುತ್ತೆ. ಆಟದಲ್ಲಿ ಒಂದು ಚೌಕ 8 ಮೀಟರ್, ರಸ್ತೆಯಿಂದ 4 ಚೌಕ ಆಳದವರೆಗೂ ಝೋನ್ (ಮನೆ, ಅಂಗಡಿ ಏಳೋ ಜಾಗದ ಗುರುತು) ಹಾಕಬಹುದು. ನೀವು 2ಕ್ಕೇ ನಿಲ್ಲಿಸಿ, ಪುಟ್ಟ ಮನೆ ಏಳುತ್ತೆ. ತಿರುವಿನಲ್ಲಿ ಉಳಿಯೋ ಮೂಲೆಗಳನ್ನ ಸರಿ ಮಾಡೋಕೆ ಹೋಗಬೇಡಿ. ಒಂದರಲ್ಲಿ ಅರಳಿಕಟ್ಟೆ, ಇನ್ನೊಂದರಲ್ಲಿ ನಾಲ್ಕು ಹುಣಸೆ ಮರ. ಬಂಡೆಗಳನ್ನ ಮಾತ್ರ ಚೆಲ್ಲಬೇಡಿ, ಗುಡ್ಡದ ನೆತ್ತೀಲಿ ಒಟ್ಟಿಗೆ ಪೇರಿಸಿ.