ಬಿಟ್ಟು ಬಿಟ್ಟು ಬಿಗಿಯಾಗುವ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್
ನಮಸ್ಕಾರ. ನಿಮ್ಮ 14 ವರ್ಷ ಹಳೆಯ ಕಾರನ್ನು ಪಾರ್ಕ್ ಮಾಡುವಾಗ ಒಮ್ಮೊಮ್ಮೆ ಸ್ಟೀರಿಂಗ್ ಬಿಗಿಯಾಗಿ ಇಪಿಎಸ್ (ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್) ದೀಪ ಹೊತ್ತಿಕೊಳ್ಳುತ್ತದೆ, ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ, ಗ್ಯಾರೇಜಿನವರು ಇಡೀ ಸ್ಟೀರಿಂಗ್ ಕಾಲಮ್ (ಸ್ಟೀರಿಂಗ್ ಚಕ್ರ ಕೂರುವ ದಂಡದ ಜೋಡಣೆ) ಬದಲಿಸಬೇಕೆಂದಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಈಗಲೇ ಒಪ್ಪಬೇಡಿ.

ನಿಂತಲ್ಲೇ ಚಕ್ರ ತಿರುಗಿಸುವಾಗ ಸ್ಟೀರಿಂಗ್‌ಗೆ ನೆರವಾಗುವ ಮೋಟಾರು ಹೆಚ್ಚು ಕರೆಂಟ್ ಎಳೆಯುವುದರಿಂದ, ಬ್ಯಾಟರಿಯಾಗಲಿ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಆಗಲಿ ದುರ್ಬಲವಾಗಿದ್ದರೆ ವೋಲ್ಟೇಜ್ ಕುಸಿದು, ಕಂಟ್ರೋಲ್ ಯೂನಿಟ್ ಮೋಟಾರಿನ ನೆರವನ್ನೇ ನಿಲ್ಲಿಸಿಬಿಡಬಹುದು. ಇಂಜಿನ್ ಐಡಲ್‌ನಲ್ಲಿರುವಾಗ ಹೆಡ್‌ಲೈಟ್ ಮತ್ತು ಎಸಿ ಹಾಕಿ, ಒಬ್ಬರು ಸ್ಟೀರಿಂಗ್ ತಿರುಗಿಸುತ್ತಿರಲಿ, ಇನ್ನೊಬ್ಬರು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಲಿ, ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರಬೇಕಾದ ವೋಲ್ಟೇಜ್ 12ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಮತ್ತು ಚಾರ್ಜಿಂಗ್ ಸರಿಪಡಿಸಿ. ಇಳಿಯದಿದ್ದರೆ, ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿ ನೋಡಿ. ಮೇಲೆ ಗಟ್ಟಿಯಾಗಿಯೇ ಕಾಣುವ ಆ ಬೋಲ್ಟಿನ ವಾಷರ್ ಅಡಿಯಲ್ಲಿ ಹಸಿರು ಕಿಲುಬು ಹಿಡಿದಿರುವುದನ್ನು ನಾನೇ ಕಂಡಿದ್ದೇನೆ. ಉಜ್ಜಿ ಬಿಗಿ ಮಾಡುವುದಕ್ಕೆ ಅರ್ಧ ಗಂಟೆಯೂ ಬೇಡ.

ಆದರೆ ಏನನ್ನೂ ಕಳಚುವ ಮೊದಲು ಸ್ಕ್ಯಾನರ್‌ನಿಂದ ದೋಷದ ಕೋಡ್ ಓದಿಸಿ ಬರೆದಿಟ್ಟುಕೊಳ್ಳಿ, ಏಕೆಂದರೆ ಕೆಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದರೆ ಅದು ಅಳಿಸಿಹೋಗುತ್ತದೆ. ನೀವು ಸ್ಟೀರಿಂಗ್ ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ಸೆನ್ಸರಿನ ಕೋಡ್ ಬಂದರೂ, ಅದರ ಕನೆಕ್ಟರ್ ಪರೀಕ್ಷಿಸಿದ ಮೇಲಷ್ಟೇ ಕಾಲಮ್ಮಿನ ಮಾತು. ಅಲ್ಲಿಯವರೆಗೆ ಘಾಟಿ ರಸ್ತೆಗೆ ಕಾರು ಒಯ್ಯಬೇಡಿ.