ಶಿವಮೊಗ್ಗದ ಬಡಾವಣೆಯಲ್ಲಿ ನಮ್ಮದು 30-40 ಅಡಿ ಸೈಟಿನ ಮನೆ, ಹಿಂದೆ ಹತ್ತು ಅಡಿ ಜಾಗ ಇದೆ. ಅಲ್ಲಿ ಐದು ನಾಟಿ ಕೋಳಿ ಸಾಕಲು ನನಗೆ ಹಕ್ಕಿದೆಯಾ? ಪಕ್ಕದ ಮನೆಯವರು ಬೇಡ ಅಂತಾರೆ. ಸುತ್ತ ಮುಚ್ಚಿದ ಗೂಡು ಕಟ್ಟಿದರೆ ಸಾಕಾ?

"ಸುತ್ತ ಮುಚ್ಚಿದ ಗೂಡು" ಅಂತ ನೀವು ಬರೆದಿದ್ದು ಓದಿ ಸಂಕಟವಾಯಿತು. ದಯವಿಟ್ಟು ಕಟ್ಟಬೇಡಿ. ನಾನು ಕಟ್ಟಿದ್ದೆ. ಇದೇ ಶಿವಮೊಗ್ಗದಲ್ಲಿ, ನಿಮ್ಮ ಥರದ್ದೇ 30-40 ಸೈಟಿನ ಮನೆಯಲ್ಲಿ, ಪಕ್ಕದ ಮನೆಯವರ ಬಾಯಿ ಮುಚ್ಚಿಸೋಕೆ.

ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಕೋಳಿ ಸಾಕುವುದು ಒಂದು ಕೆಲಸ ಅಂತಲೇ ಯಾರಿಗೂ ಅನಿಸುವುದಿಲ್ಲ. ಬೆಳಿಗ್ಗೆ ಒಡ್ಡಿಯ (ಕೋಳಿಗೂಡಿನ) ಬಾಗಿಲು ತೆಗೆದರೆ ಆಯಿತು. ತೋಟಕ್ಕೆ ಹೋಗಿ ದರಗು ಕೆದರಿ, ಗೆದ್ದಲು ಹೆಕ್ಕಿ, ಬೂದಿಗುಂಡಿಯಲ್ಲಿ ಹೊರಳಾಡಿ ಸಂಜೆ ತಾವೇ ಬರುತ್ತವೆ. ಹದ್ದು, ಮುಂಗುಸಿ, ಕಾಡುಬೆಕ್ಕು ಒಂದೆರಡನ್ನು ಒಯ್ಯುತ್ತವೆ ಬಿಡಿ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಪೇಟೆಗೆ ಬಂದರು. ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಊರಿಂದ ಎರಡು ಹೇಂಟೆ, ಒಂದು ಹುಂಜ ತಂದೆವು. ಮೇ ತಿಂಗಳಲ್ಲಿ ಒಂದು ಹೇಂಟೆ ಹನ್ನೆರಡು ಮೊಟ್ಟೆ ಇಟ್ಟುಕೊಂಡು ಕಾವಿಗೆ ಕೂತಿತು. 21 ದಿನಕ್ಕೆ ಹನ್ನೊಂದು ಮರಿ. ಅವತ್ತು ಅಮ್ಮನ ಮುಖ ನೋಡಬೇಕಿತ್ತು.

ಪಕ್ಕದ ಮನೆಯಲ್ಲಿ ರಿಟೈರ್ ಆದ ಮೇಷ್ಟ್ರು ಇದ್ದರು. "ಮಾತ್ರೆ ತಗೊಂಡು ಮಲಗೋನು ನಾನು. ನಾಲ್ಕಕ್ಕೇ ಎಬ್ಬಿಸುತ್ತಪ್ಪ ನಿಮ್ಮ ಹುಂಜ" ಅಂದರು. ಎರಡು ಸಲ ಮೆತ್ತಗೇ ಹೇಳಿದರು. ನಾನು, ನಮ್ಮ ಜಾಗ, ನಮ್ಮ ಕೋಳಿ, ನಮ್ಮ ಹಕ್ಕು ಅಂತ ವಾದಕ್ಕೆ ನಿಂತೆ. ಮೂರನೇ ಸಲ ಅವರು ಪಾಲಿಕೆಗೆ ದೂರು ಬರೆದು ಕೊಟ್ಟರು. ಕಚೇರಿಯಿಂದ ಒಬ್ಬರು ಬಂದು ನೋಡಿ, ವಾಸನೆ ಗಲಾಟೆ ಇಲ್ಲದ ಹಾಗೆ ನೋಡ್ಕೊಳ್ಳಿ ಅಂತಷ್ಟೇ ಹೇಳಿ ಹೋದರು. ನಾನು ಗೆದ್ದೆ ಅಂದುಕೊಂಡೆ.

ಇಲ್ಲಿಂದ ನನ್ನ ತಪ್ಪು ಶುರು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಮಾಡಹೊರಟಿರುವುದು ಇದನ್ನೇ. ಆರು ಅಡಿ ಉದ್ದ, ಮೂರು ಅಡಿ ಅಗಲದ ಜಾಲರಿ ಗೂಡು ಮಾಡಿಸಿದೆ. ಮೇಲೆ ಶೀಟು. ಅಷ್ಟಕ್ಕೇ ನಿಲ್ಲಿಸಿದ್ದರೆ ಜಾಗ ಇಕ್ಕಟ್ಟಾದರೂ ಗಾಳಿಯಾದರೂ ಆಡುತ್ತಿತ್ತು. ನಾನು ನಾಲ್ಕೂ ಕಡೆ ನೆಲದವರೆಗೆ ಟಾರ್ಪಾಲ್ ಇಳಿಬಿಟ್ಟೆ. ಬುಡಕ್ಕೆ ಇಟ್ಟಿಗೆ ಹೇರಿ, ಮೂಲೆಗೆ ಹಗ್ಗ ಬಿಗಿದೆ. ಕತ್ತಲೆ ಇದ್ದರೆ ಹುಂಜ ಬೇಗ ಕೂಗಲ್ಲ, ವಾಸನೆ ಆಚೆ ಹೋಗಲ್ಲ, ಇರಚಲು ಹೊಡೆಯಲ್ಲ ಅನ್ನೋದು ನನ್ನ ಲೆಕ್ಕ. ಮೂರೂ ನಿಜವೇ ಆಯಿತು. ಮೇಷ್ಟ್ರ ದೂರೂ ನಿಂತಿತು.

ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿಯಿತು. ಆರು ದಿನ ಬಿಡದೆ ಹೊಡೆಯಿತು. ಮರಿಗಳಿಗೆ ಆಗ ಎರಡು ತಿಂಗಳು ದಾಟಿತ್ತು. ಅಮ್ಮ ದಿನಾ ಹೇಳುತ್ತಿದ್ದರು, "ಒಳಗೆ ಉಬ್ಬೆ ಕಣೋ, ಒಂದು ಕಡೆ ಆದರೂ ಎತ್ತಿ ಕಟ್ಟು" ಅಂತ. ಎತ್ತಿದರೆ ಕೂಗು ಕೇಳುತ್ತೆ, ಮತ್ತೆ ಜಗಳ ಅಂತ ನಾನು ಎತ್ತಲಿಲ್ಲ. ಮಳೆ ನೀರು ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಒದ್ದೆಯಾಗಿದ್ದು ಒಳಗಿನಿಂದ. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ, ಎಲ್ಲಾ ಹಿಕ್ಕೆಯಲ್ಲೇ ಹೋಗುತ್ತದೆ. ಹಿಕ್ಕೆಯ ಬಹುಪಾಲು ನೀರೇ. ಹದಿನಾಲ್ಕು ಕೋಳಿಗಳ ಹಿಕ್ಕೆ, ಅವುಗಳ ಉಸಿರಿನ ಆವಿ, ಚೆಲ್ಲಿದ ಕುಡಿಯುವ ನೀರು, ಯಾವುದಕ್ಕೂ ಹೊರಗೆ ಹೋಗಲು ದಾರಿ ಇರಲಿಲ್ಲ. ನೆಲಕ್ಕೆ ಹಾಸಿದ್ದ ಉಮಿ ಉಂಡೆಗಟ್ಟಿತು. ಟಾರ್ಪಾಲ್ ಸರಿಸಿದರೆ ಅಮೋನಿಯಾ ಘಾಟಿಗೆ ನನ್ನ ಕಣ್ಣಲ್ಲೇ ನೀರು ಬರುತ್ತಿತ್ತು. ಅದನ್ನು ನೋಡಿಯೂ ಮತ್ತೆ ಮುಚ್ಚಿ ಬರುತ್ತಿದ್ದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ನನಗೆ ಹಾಗಾದರೆ, ಒಂದು ಗೇಣು ಎತ್ತರದಲ್ಲಿ ಮೂಗಿಟ್ಟು ಇಡೀ ದಿನ ಅಲ್ಲೇ ಇರುವ ಮರಿಗೆ ಹೇಗಾಗಿರಬೇಡ?

ಐದನೇ ದಿನ ಮರಿಗಳು ರೆಕ್ಕೆ ಜೋಲಿಸಿ ಮುದುಡಿ ಕೂತವು. ಹಿಕ್ಕೆಯಲ್ಲಿ ರಕ್ತ. ಮಾರನೇ ಬೆಳಿಗ್ಗೆ ನಾಲ್ಕು ಸತ್ತಿದ್ದವು. ಒಂದನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಓಡಿದೆ. ಡಾಕ್ಟರು ಹೊಟ್ಟೆ ಬಿಡಿಸಿ ತೋರಿಸಿದರು. ಕರುಳಿನ ಒಂದು ಭಾಗ ರಕ್ತ ತುಂಬಿ ಉಬ್ಬಿತ್ತು. ರಕ್ತಭೇದಿ, ಕಾಕ್ಸಿಡಿಯೋಸಿಸ್ ಅಂದರು. ಇದರ ಪರೋಪಜೀವಿ ಸುಮಾರಾಗಿ ಎಲ್ಲ ಕಡೆಯೂ ಇರುತ್ತದಂತೆ. ಒಣಗಿದ ಜಾಗದಲ್ಲಿ ಅದರ ಆಟ ನಡೆಯುವುದಿಲ್ಲ. ತೇವ, ಬಿಸುಪು ಎರಡೂ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತದೆ. ದೊಡ್ಡ ಕೋಳಿಗಳಿಗೆ ಮೊದಲೇ ಸ್ವಲ್ಪ ಸ್ವಲ್ಪ ತಗುಲಿ ತಡೆಯುವ ಶಕ್ತಿ ಬಂದಿರುತ್ತದೆ, ಎಳೆಯವು ಹೋಗುತ್ತವೆ. ಡಾಕ್ಟರು ಬೈಯಲಿಲ್ಲ. "ಇವು ಎಲ್ಲಿ ಇರ್ತಿದ್ವು?" ಅಂತ ಕೇಳಿದರು, ಅಷ್ಟೇ. ಟಾರ್ಪಾಲ್ ವಿಷಯ ಹೇಳಲು ನನಗೆ ನಾಲಿಗೆ ಏಳಲಿಲ್ಲ. ನೀರಿಗೆ ಆಂಪ್ರೋಲಿಯಂ ಅನ್ನೋ ಆ ರೋಗದ ಔಷಧಿ ಹಾಕಿ ಕುಡಿಸಿದೆವು. ಹನ್ನೊಂದರಲ್ಲಿ ಉಳಿದಿದ್ದು ಮೂರು.

ಈಗ ನಿಮ್ಮ ಹಕ್ಕಿನ ಪ್ರಶ್ನೆ. ನನ್ನ ಪ್ರಕಾರ ನೀವು ತಪ್ಪು ಪ್ರಶ್ನೆ ಕೇಳುತ್ತಿದ್ದೀರಿ. ಪಾಲಿಕೆ ನಿಯಮ ಏನಿದೆ ಅಂತ ಕಚೇರಿಗೆ ಹೋಗಿ ಕೇಳಿಕೊಳ್ಳಿ, ಅದು ಒಂದು ದಿನದ ಕೆಲಸ. ಆದರೆ ಕೋಳಿಗೂ ಕಾನೂನಿನಲ್ಲಿ ಒಂದು ಮಾತಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ನೋಡಿ. ಸರಿಯಾಗಿ ಓಡಾಡಲು ಆಗದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅಲ್ಲಿ ಅಪರಾಧ. ಮೊಟ್ಟೆ ಕೋಳಿ, ಮಾಂಸದ ಕೋಳಿಗಳನ್ನು ಇಡುವ ರೀತಿಯ ಬಗ್ಗೆಯೇ ಭಾರತದ ಕಾನೂನು ಆಯೋಗ 2017ರಲ್ಲಿ 269ನೇ ವರದಿ ಕೊಟ್ಟಿತು. ಫಾರಂ ಪಂಜರದಲ್ಲಿ ಒಂದು ಕೋಳಿಗೆ ಎ4 ಹಾಳೆಯಷ್ಟೂ ಜಾಗ ಸಿಗಲ್ಲ ಅಂತ ಓದಿ ಸಿಟ್ಟಾಗಿದ್ದವನು ನಾನು. ಮನೆಯಲ್ಲಿ 18 ಚದರ ಅಡಿಗೆ ಹದಿನಾಲ್ಕು ತುಂಬಿದ್ದೆ. ಕೋಳಿಗೆ ಕೆದರಲು ಮಣ್ಣು ಬೇಕು, ಹೊರಳಲು ಒಣ ಬೂದಿ ಬೇಕು, ರಾತ್ರಿ ಹತ್ತಿ ಕೂರಲು ಅಡ್ಡ ಕೋಲು ಬೇಕು. ಮನೆ ಹಿಂದೆ ಹತ್ತು ಅಡಿ ಇದೆ ಅಂದಿದ್ದೀರಿ. ಅದು ಪೂರ್ತಿ ಕಾಂಕ್ರೀಟ್ ಆಗಿದ್ದರೆ, ಯಾವ ನಿಯಮ ಏನೇ ಹೇಳಲಿ, ಕೋಳಿ ತರಬೇಡಿ.

ಮಣ್ಣಿದ್ದರೆ ಮೂರು ಹೇಂಟೆ ಸಾಕು, ಐದು ಬೇಡ. ಹುಂಜ ಬೇಡವೇ ಬೇಡ. ಹುಂಜ ಇಲ್ಲದಿದ್ದರೆ ಮೊಟ್ಟೆ ಇಡಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಇಡುತ್ತವೆ, ಆ ಮೊಟ್ಟೆಯಿಂದ ಮರಿ ಆಗಲ್ಲ ಅಷ್ಟೇ. ನಿದ್ದೆ ಕೆಡುತ್ತೆ ಅಂತ ವಯಸ್ಸಾದವರು ಹೇಳಿದರೆ ಅದು ನಿಜವಾದ ಕಷ್ಟ, ಅದರ ಮುಂದೆ ಹಕ್ಕಿನ ಮಾತು ಆಡಬೇಡಿ. ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ರಾಣಿಖೇತ್ ಸೋಂಕಿನ) ಲಸಿಕೆ ಮಾತ್ರ ತಪ್ಪಿಸಬೇಡಿ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಸುತ್ತಮುತ್ತ ಕೋಳಿ ಇರುವವರೆಲ್ಲ ಸೇರಿ ಒಂದೇ ದಿನ ಹಾಕಿಸಿ.

ಗೂಡಿಗೆ ಮಳೆ ಬರುವ ದಿಕ್ಕು ಒಂದನ್ನು ಮಾತ್ರ ಮುಚ್ಚಿ. ಶೀಟು ಎರಡು ಅಡಿ ಮುಂದಕ್ಕೆ ಚಾಚಿಸಿ, ಇರಚಲು ಅಲ್ಲಿಗೇ ನಿಲ್ಲುತ್ತದೆ. ಉಳಿದ ಮೂರು ಕಡೆ ಬರೀ ಜಾಲರಿ. ಮಳೆಗಾಲದಲ್ಲಿ ದಿನಾ ಉಮಿ ಕೆದಕಿ, ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಿದರೆ ಅವತ್ತೇ ಬದಲಿಸಿ.

ನಾನು ಆ ವರ್ಷವೇ ಹುಂಜವನ್ನೂ ಉಳಿದ ಮೂರು ಮರಿಗಳನ್ನೂ ಊರಿಗೆ ಬಿಟ್ಟು ಬಂದೆ. ಎರಡು ಹೇಂಟೆ ಇಲ್ಲೇ ಇವೆ. ಮೇಷ್ಟ್ರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅಮ್ಮನ ಜೊತೆ ಮಾತಾಡುತ್ತಾರೆ.