ಮೂಳೆ ಕರಗಿಸುವುದು ಯಾರು, ಅದನ್ನು ಮೊದಲು ಬರೆಯಿರಿ

ನಮಸ್ಕಾರ,

ಆರೋಗ್ಯ ಪುಟಕ್ಕೆ ನೀವು ಕಳಿಸಿದ ‘ಮೂಳೆ ತಿನ್ನುವ ರಕ್ತದ ಕ್ಯಾನ್ಸರ್’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ರಕ್ತದ ಕ್ಯಾನ್ಸರುಗಳನ್ನೆಲ್ಲ ಒಂದೇ ಮೂಟೆ ಕಟ್ಟಿದ್ದೀರಿ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಮೂರೂ ಬೇರೆ ಬೇರೆ. ನೀವು ಹೇಳಹೊರಟ ಮೂಳೆಯ ಕತೆ ಮುಖ್ಯವಾಗಿ ಮಲ್ಟಿಪಲ್ ಮೈಲೋಮಾದ್ದು, ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿರುವ ಒಂದು ಬಗೆಯ ಬಿಳಿ ರಕ್ತಕೋಶಗಳ ಕ್ಯಾನ್ಸರಿನದ್ದು. ಆ ಹೆಸರು ನಿಮ್ಮಲ್ಲಿ ಮೊದಲು ಬರುವುದೇ ನಾಲ್ಕನೇ ಪುಟದಲ್ಲಿ!

‘ಕ್ಯಾನ್ಸರ್ ಕೋಶಗಳು ಗೆದ್ದಲಿನಂತೆ ಮೂಳೆ ತಿಂದುಹಾಕುತ್ತವೆ’ ಎಂದಿದ್ದೀರಿ. ಉಪಮೆ ಚೆನ್ನಾಗಿದೆ, ವಿಷಯ ತಪ್ಪು. ಮೈಲೋಮಾ ಆ ಕೆಲಸವನ್ನು ನಮ್ಮದೇ ದೇಹದ ಕೈಯಲ್ಲಿ ಮಾಡಿಸುತ್ತದೆ. ಹಳೇ ಮೂಳೆ ಕರಗಿಸಲು ಆಸ್ಟಿಯೋಕ್ಲಾಸ್ಟ್, ಹೊಸದು ಕಟ್ಟಲು ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ನಮ್ಮಲ್ಲಿವೆ. ಆರೋಗ್ಯ ಸರಿಯಿದ್ದಾಗ ಕರಗಿದಷ್ಟನ್ನು ಕಟ್ಟಿಕೊಳ್ಳುತ್ತಾ ಹೋಗುತ್ತವೆ. ಮೈಲೋಮಾ ಬಂದರೆ ಮಜ್ಜೆಯಲ್ಲಿ ರ‍್ಯಾಂಕ್-ಎಲ್ ಎಂಬ ಪ್ರೋಟೀನು ಜಾಸ್ತಿಯಾಗಿ ಕರಗಿಸುವವರಿಗೆ ಕುಮ್ಮಕ್ಕು ಸಿಗುತ್ತದೆ. ಡಿಕೆಕೆ-1ನಂಥ ಇನ್ನೊಂದು ಪ್ರೋಟೀನು ಕಟ್ಟುವವರ ಕೈ ಕಟ್ಟುತ್ತದೆ. ಮೂಳೆ ಕರಗಿದಾಗ ಅದರೊಳಗೆ ಹುದುಗಿದ್ದ ಬೆಳವಣಿಗೆಯ ಅಂಶಗಳು ಹೊರಬೀಳುತ್ತವೆ. ಅವುಗಳಿಂದ ಮೈಲೋಮಾ ಇನ್ನಷ್ಟು ಬೆಳೆಯುತ್ತದೆ. ಈ ಸುಳಿಯನ್ನು ಬಿಟ್ಟರೆ ನಿಮ್ಮ ಲೇಖನದಲ್ಲಿ ಉಳಿಯುವುದೇನು?

ಇದನ್ನು ಹೇಳಿದರೆ ಪರೀಕ್ಷೆಗಳ ಭಾಗವೂ ಸಲೀಸಾಗುತ್ತದೆ. ಬೋನ್ ಸ್ಕ್ಯಾನ್ ತೋರಿಸುವುದು ಹೊಸ ಮೂಳೆ ಕಟ್ಟುತ್ತಿರುವ ಜಾಗವನ್ನು. ಇಲ್ಲಿ ಕಟ್ಟುವ ಕೆಲಸವೇ ಕುಂಟಿರುವುದರಿಂದ ಎಷ್ಟೋ ತೂತುಗಳು ಅದಕ್ಕೆ ಕಾಣುವುದಿಲ್ಲ. ಎಕ್ಸ್-ರೇಯಲ್ಲಿ ಕಾಣಬೇಕಾದರೆ ಆ ಜಾಗದ ಮೂಳೆ ಶೇ 30ಕ್ಕಿಂತ ಜಾಸ್ತಿ ಹೋಗಿರಬೇಕು. ಅದಕ್ಕೇ ಈಗ ಸಿ.ಟಿ., ಪೆಟ್-ಸಿ.ಟಿ., ಎಂ.ಆರ್.ಐ. ಮಾಡಿಸುತ್ತಾರೆ.

ಮೈಲೋಮಾ ಇದ್ದ ಲಂಡನ್ನಿನ ಸಾರಾ ನ್ಯೂಬರಿಗೆ ಒಂದೇ ಸಾಲು ಕೊಟ್ಟು ಮುಗಿಸಿದ್ದೀರಿ. ಸ್ಯಾಮುವೆಲ್ ಸಾಲಿ ಎಂಬ ಸರ್ಜನ್ 1844ರಲ್ಲಿ ಆಕೆಯ ಬಗ್ಗೆ ಬರೆದ. ಆಕೆಗೆ 39 ವರ್ಷ. ಗಂಡ ಎತ್ತಿಕೊಂಡು ಹಾಸಿಗೆಗೆ ಒಯ್ಯುವಾಗ ತೊಡೆಯ ಮೂಳೆಗಳು ಮುರಿದವು. ಬಿದ್ದದ್ದಲ್ಲ, ಪೆಟ್ಟಾದದ್ದಲ್ಲ, ಬರೀ ಎತ್ತಿಕೊಂಡದ್ದು. ಇದನ್ನು ಮೊದಲ ಪ್ಯಾರಾಕ್ಕೆ ತನ್ನಿ. ಆಮೇಲೆ ‘ಮೂಳೆಗಳು ಅತ್ಯಂತ ದುರ್ಬಲವಾಗುತ್ತವೆ’ ಎಂದು ಅಲ್ಲಲ್ಲಿ ಬರೆದದ್ದನ್ನೆಲ್ಲ ಹೊಡೆದುಹಾಕಿ.

ನನಗೆ ಸಿಟ್ಟು ಬಂದದ್ದು ‘ಪರಿಹಾರ’ ಎಂಬ ಭಾಗ ಓದಿ. ‘ದಿನಾ ಹಾಲು, ರಾಗಿ ಅಂಬಲಿ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ’ ಎಂದು ಸುಮ್ನೆ ಬರೆದುಬಿಟ್ಟಿದ್ದೀರಿ. ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತದೆ? ರಕ್ತಕ್ಕೆ ಅಲ್ವಾ? ಅಲ್ಲಿ ಅದು ಏರಿದರೆ ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು, ಕಿಡ್ನಿಗೂ ಪೆಟ್ಟು. ಅಂಥವರಿಗೆ ನಾವು ಕೂತಲ್ಲಿಂದ ಮಾತ್ರೆ ನುಂಗಿ ಅನ್ನಬಹುದೇ? ಮಾತ್ರೆ ಬೇಕೋ ಬೇಡವೋ ಎಂದು ರಕ್ತಪರೀಕ್ಷೆ ನೋಡಿ ಡಾಕ್ಟರು ಹೇಳಲಿ. ‘ನೋವಿಗೆ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ಸಿಗುತ್ತದೆ’ ಎಂಬ ಸಾಲನ್ನಂತೂ ಈಗಲೇ ತೆಗೆಯಿರಿ. ಆ ಜಾತಿಯ ಮಾತ್ರೆಗಳು ಮೈಲೋಮಾ ಇರುವವರ ಕಿಡ್ನಿಯನ್ನು ಕೆಡಿಸಬಲ್ಲವು.

ಬದಲಿಗೆ ನಿಜವಾದ ಚಿಕಿತ್ಸೆ ಬರೆಯಿರಿ. ಕ್ಯಾನ್ಸರಿನ ಔಷಧದ ಜೊತೆಗೆ ಮೂಳೆ ಕರಗುವುದನ್ನು ತಡೆಯಲು ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಕೊಡುತ್ತಾರೆ. ಡೆನೊಸುಮ್ಯಾಬ್ ಇಂಜೆಕ್ಷನ್ ನೇರವಾಗಿ ರ‍್ಯಾಂಕ್-ಎಲ್ ಅನ್ನೇ ಹಿಡಿದು ನಿಲ್ಲಿಸುತ್ತದೆ. ಇವೆರಡರಿಂದಲೂ ಅಪರೂಪಕ್ಕೆ ದವಡೆಯ ಮೂಳೆ ಸಾಯುವುದುಂಟು. ಹಾಗಾಗಿ ಶುರುಮಾಡುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಿಸುವ ಹಲ್ಲಿದ್ದರೆ ಕೀಳಿಸಿಕೊಳ್ಳಬೇಕು. ಇಂಥದ್ದು ಓದುಗರ ಮನೆಯಲ್ಲಿ ಉಪಯೋಗಕ್ಕೆ ಬರುವ ಮಾತು.

ಇನ್ನು ಬೆನ್ನುನೋವಿದ್ದವರಿಗೆಲ್ಲ ಮೈಲೋಮಾ ಇರುವುದಿಲ್ಲ. ಓದಿದವರಿಗೆ ರಾತ್ರಿ ನಿದ್ದೆ ಬಾರದ ಹಾಗೆ ಬರೆಯಬೇಡಿ. ತಿದ್ದಿದ ಮೇಲೆ ರಕ್ತರೋಗದ ಡಾಕ್ಟರೊಬ್ಬರಿಗೆ ಓದಿಸಿ, ಆಮೇಲೆ ನನಗೆ ಕಳಿಸಿ. ಕೊನೆಯಲ್ಲಿರುವ ಕವನ ಬೇಡ.

ಇಂತಿ,
ಸಂಪಾದಕ